ಗ್ರೀಸಿನಲ್ಲಿ ಮೆನು ಆಮೇಲೆ, ಮೊದಲು ಅಡುಗೆಮನೆ

ಬಂದರಿನ ಎದುರು ಫೋಟೊ ಹಾಕಿದ ಮೆನು ಹಿಡಿದು ಯಾರಾದರೂ ಒಳಗೆ ಕರೆದರೆ ನಕ್ಕು ಮುಂದೆ ಹೋಗಿ. ಎರಡು ಬೀದಿ ಹಿಂದಕ್ಕೆ ನಡೆದರೆ ಊರಿನವರೇ ಕೂತಿರುವ ತವೇರ್ನಾ, ಅಂದರೆ ಸಾದಾ ಊಟದ ಹೋಟೆಲು, ಸಿಗುತ್ತದೆ. ಎಲ್ಲ ದ್ವೀಪಗಳಲ್ಲೂ ಅದೇ ಮುಸಾಕಾ (ಬದನೆ-ಮಾಂಸ ಪದರ ಹಾಕಿ ಬೇಯಿಸಿದ್ದು), ಅದೇ ಸುವ್ಲಾಕಿ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ) ತಿಂದು ಬರುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಅಲ್ಲಿ ಒಂದೊಂದು ಊರಿನ ತಟ್ಟೆಯೂ ಬೇರೆ.

ನಾನು ಸಸ್ಯಾಹಾರಿ, ನನ್ನವರು ಮೀನಿಲ್ಲದಿದ್ದರೆ ಮುಖ ಊದಿಸುವವರು. ಆದ್ದರಿಂದ ಎರಡೂ ಕಡೆಯದನ್ನು ಹೇಳಬಲ್ಲೆ.

ಮೊದಲು ಹೊತ್ತು. ಅಲ್ಲಿನವರು ಮಧ್ಯಾಹ್ನ ಉಣ್ಣುವುದು ಎರಡರ ನಂತರ, ರಾತ್ರಿ ಒಂಬತ್ತರ ನಂತರ. ಬೆಳಿಗ್ಗೆಯೇ ದೊಡ್ಡ ಟ್ರೇಗಳಲ್ಲಿ ಬೇಯಿಸಿಟ್ಟ ಅಡುಗೆಗೆ ‘ಮಗಿರೆಫ್ತಾ’ ಎನ್ನುತ್ತಾರೆ. ಇದನ್ನು ಮಧ್ಯಾಹ್ನವೇ ತಿನ್ನಬೇಕು, ರಾತ್ರಿ ಹೊತ್ತಿಗೆ ಒಳ್ಳೆಯವೆಲ್ಲ ಖಾಲಿ. ಹಳೆಯ ತವೇರ್ನಾಗಳಲ್ಲಿ ಗಾಜಿನ ಕಪಾಟಿನ ಹತ್ತಿರ ಹೋಗಿ, ಟ್ರೇ ನೋಡಿ, ಬೆರಳು ತೋರಿಸಿ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಬಿಸಿಬಿಸಿ ಬರಲಿ ಎಂದು ಹಟ ಹಿಡಿಯಬೇಡಿ. ಉಗುರುಬೆಚ್ಚಗಿದ್ದಾಗಲೇ ಅದಕ್ಕೆ ರುಚಿ ಎಂಬುದು ಅವರ ಲೆಕ್ಕ, ನನಗೂ ಅದೇ ಸರಿ ಅನ್ನಿಸಿದೆ.

ಸಸ್ಯಾಹಾರಿಗಳು ಹುಡುಕಬೇಕಾದದ್ದು ‘ಲದೆರಾ’, ಅಂದರೆ ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೆಂದ ತರಕಾರಿ: ಟೊಮೆಟೊ ಹಾಕಿದ ಹುರುಳಿಕಾಯಿ, ಬದನೆ-ಆಲೂಗಡ್ಡೆಯ ಬ್ರಿಯಾಮ್, ಅನ್ನ ತುಂಬಿದ ಟೊಮೆಟೊ-ದಪ್ಪಮೆಣಸಿನಕಾಯಿಯ ಗೆಮಿಸ್ತಾ. ಗೆಮಿಸ್ತಾಕ್ಕೆ ಕೊಚ್ಚಿದ ಮಾಂಸ ಸೇರಿಸುವವರೂ ಇದ್ದಾರೆ, ‘ಹೊರೀಸ್ ಕಿಮಾ’ ತಾನೇ ಎಂದು ಕೇಳಿಕೊಳ್ಳಿ. ಇನ್ನೊಂದು ಪದ ‘ನಿಸ್ತೀಸಿಮೊ’, ಚರ್ಚಿನ ಉಪವಾಸದ ಅಡುಗೆ. ಮಾಂಸ, ಹಾಲು, ಮೊಟ್ಟೆ ಯಾವುದೂ ಇರುವುದಿಲ್ಲ. ಆದರೆ ಸಿಗಡಿ, ಸ್ಕ್ವಿಡ್ ಉಪವಾಸಕ್ಕೆ ನಡೆಯುತ್ತವೆ, ಅಷ್ಟು ಎಚ್ಚರ ಇರಲಿ.

ಇನ್ನು ಊರುಗಳು. ಕ್ರೀಟ್‌ನಲ್ಲಿ ಡಾಕೊಸ್ ತಿನ್ನಿ: ಬಾರ್ಲಿಯ ಗಟ್ಟಿ ರಸ್ಕ್ ಮೇಲೆ ತುರಿದ ಟೊಮೆಟೊ, ಮಿಜಿಥ್ರಾ ಎಂಬ ಮೆತ್ತನೆಯ ಚೀಸ್, ಒರೆಗಾನೊ, ಧಾರಾಳ ಎಣ್ಣೆ. ಬಂದ ತಕ್ಷಣ ಕಚ್ಚಿದರೆ ಹಲ್ಲಿಗೆ ಕಷ್ಟ, ರಸ ಇಳಿಯಲು ಸ್ವಲ್ಪ ಬಿಡಿ. ಊಟ ಮುಗಿದ ಮೇಲೆ ಹಣ್ಣಿನ ಜೊತೆ ಪುಟ್ಟ ಬಾಟಲಿಯಲ್ಲಿ ರಾಕಿ, ಅಂದರೆ ತ್ಸಿಕೂಡಿಯಾ, ಬಿಟ್ಟಿಯಾಗಿ ಬರುತ್ತದೆ. ವೈನಿಗೆ ಹಿಂಡಿ ಉಳಿದ ದ್ರಾಕ್ಷಿ ಚರಟದಿಂದ ಇಳಿಸಿದ ಮದ್ಯ. ಒಂದೇ ಗುಟುಕಿಗೆ ಏರಿಸಬೇಡಿ.

ಸ್ಯಾಂಟೊರಿನಿಗೆ ಎಲ್ಲರೂ ಸೂರ್ಯಾಸ್ತಕ್ಕೆ ಹೋಗುತ್ತಾರೆ, ನಾನು ಫಾವಾಕ್ಕೆ ಹೋಗುತ್ತೇನೆ. ಜ್ವಾಲಾಮುಖಿಯ ಮಣ್ಣಿನಲ್ಲಿ ಬೆಳೆದ ಹಳದಿ ಕಾಳನ್ನು ಗಟ್ಟಿ ತೊವ್ವೆಯಂತೆ ಬೇಯಿಸಿ, ಮೇಲೆ ಈರುಳ್ಳಿ, ಕೇಪರ್, ಎಣ್ಣೆ ಹಾಕಿ ಕೊಡುತ್ತಾರೆ. ಜೊತೆಗೆ ಟೊಮೆಟೊ ವಡೆ, ‘ತೊಮಾತೊಕೆಫ್ತೆದೆಸ್’. ಕುಡಿಯುವವರಿಗೆ ಅಸಿರ್ತಿಕೊ ಎಂಬ ದ್ರಾಕ್ಷಿಯ ಬಿಳಿ ವೈನ್. ಗಾಳಿಗೆ ಹಾಳಾಗದಿರಲೆಂದು ಆ ಬಳ್ಳಿಗಳನ್ನು ನೆಲದ ಮೇಲೆ ಬುಟ್ಟಿಯಾಕಾರದಲ್ಲಿ ಸುತ್ತಿ ಬೆಳೆಸುತ್ತಾರೆ, ದಾರಿಯಲ್ಲಿ ನಿಂತು ನೋಡಿ.

ಸಿಫ್ನೊಸ್ ದ್ವೀಪಕ್ಕೆ ಹೋಗುವುದಾದರೆ ಭಾನುವಾರ ಅಲ್ಲಿರುವಂತೆ ಹಡಗಿನ ಟಿಕೆಟ್ ಮಾಡಿ. ಕಡಲೆಕಾಳು, ಈರುಳ್ಳಿ, ಆಲಿವ್ ಎಣ್ಣೆಯನ್ನು ಮಣ್ಣಿನ ಗಡಿಗೆಯಲ್ಲಿ ಹಾಕಿ ಶನಿವಾರ ರಾತ್ರಿ ಸೌದೆ ಒಲೆಗೆ ಇಡುತ್ತಾರೆ. ಬೆಳಿಗ್ಗೆ ಚರ್ಚು ಮುಗಿಸಿ ಬರುವಾಗ ‘ರೆವಿಥಾದಾ’ ಸಿದ್ಧ. ನನ್ನ ಮಟ್ಟಿಗೆ ಇಡೀ ಗ್ರೀಸಿನಲ್ಲಿ ಇದಕ್ಕಿಂತ ಒಳ್ಳೆಯ ಊಟವಿಲ್ಲ. ನನ್ನವರು ಒಪ್ಪುವುದಿಲ್ಲ.

ಅವರ ಓಟು ವೋಲೊಸ್ ನಗರಕ್ಕೆ. ಅಲ್ಲಿನ ತ್ಸಿಪುರಾದಿಕೊಗಳಲ್ಲಿ, ಅಂದರೆ ತ್ಸಿಪುರೊ ಎಂಬ ದ್ರಾಕ್ಷಿ ಚರಟದ ಮದ್ಯ ಕೊಡುವ ಅಂಗಡಿಗಳಲ್ಲಿ, ತಿಂಡಿ ಆರ್ಡರ್ ಮಾಡುವ ರೂಢಿಯಿಲ್ಲ. ಒಂದು ಪುಟ್ಟ ಬಾಟಲಿ ತ್ಸಿಪುರೊ ಹೇಳಿದರೆ ಒಂದು ತಟ್ಟೆ ಮೆಜೆ, ಅಂದರೆ ನಂಜಿಕೊಳ್ಳುವ ತಿಂಡಿ, ತಾನಾಗಿ ಬರುತ್ತದೆ, ಮುಂದಿನ ಬಾಟಲಿಗೆ ಮತ್ತೊಂದು ತಟ್ಟೆ, ಹೆಚ್ಚಾಗಿ ಆಕ್ಟೋಪಸ್, ಸಿಗಡಿ, ಮೀನು. 1922ರ ನಂತರ ಈಗಿನ ಟರ್ಕಿಯ ಏಷ್ಯಾ ಮೈನರ್‌ನಿಂದ ಬಂದ ನಿರಾಶ್ರಿತರು ಬಂದರಿನಲ್ಲಿ ಬೆಳೆಸಿದ ಪದ್ಧತಿ ಇದು. ಸೋಂಪಿನ ಪರಿಮಳ ಬೇಡವಾದರೆ ‘ಹೊರೀಸ್ ಗ್ಲಿಕಾನಿಸೊ’ ಎನ್ನಿ. ಮಧ್ಯಾಹ್ನ ಹೋಗಿ, ನಿಧಾನವಾಗಿ ಕುಡಿಯಿರಿ, ಸಂಜೆಗೆ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಊಜೊ, ಅಂದರೆ ಸೋಂಪಿನ ಮದ್ಯ, ಬೇಕಿದ್ದರೆ ಲೆಸ್ವೊಸ್ ದ್ವೀಪದ ಪ್ಲೊಮಾರಿ ಊರು. ನೀರು ಬೆರೆಸಿದೊಡನೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಸೋಂಪಿನ ಎಣ್ಣೆಯ ಅಂಶ ನೀರಿನಲ್ಲಿ ಕರಗದೆ ಬಿಟ್ಟುಕೊಳ್ಳುವುದೇ ಕಾರಣ. ಜೊತೆಗೆ ಕಲೊನಿ ಕೊಲ್ಲಿಯ ಉಪ್ಪು ಹಾಕಿದ ಸಾರ್ಡೀನ್. ಮದ್ಯ ಮುಟ್ಟದವರಿಗೆ ಖಿಯೊಸ್ ದ್ವೀಪ: ದಕ್ಷಿಣದ ಹಳ್ಳಿಗಳಲ್ಲಿ ಮರದಿಂದ ತೊಟ್ಟಿಕ್ಕುವ ಮಾಸ್ತಿಖಾ ಅಂಟಿನ ಬಿಳಿ ಸಿಹಿಯನ್ನು ಚಮಚಕ್ಕೆ ಹಚ್ಚಿ, ತಣ್ಣೀರಿನ ಲೋಟದಲ್ಲಿ ಮುಳುಗಿಸಿ ಕೊಡುತ್ತಾರೆ. ಚೀಪಿ, ನೀರು ಕುಡಿಯಿರಿ.

ಕಾಫಿಗೆ ಸಕ್ಕರೆ ಎಷ್ಟೆಂದು ಮೊದಲೇ ಹೇಳಬೇಕು, ಪುಡಿಯ ಜೊತೆಗೇ ಕುದಿಸುತ್ತಾರೆ. ಸ್ಕೆತೊ ಸಕ್ಕರೆಯಿಲ್ಲದ್ದು, ಮೆತ್ರಿಯೊ ಹದ, ಗ್ಲಿಕೊ ಸಿಹಿ. ತಳದ ಗಸಿ ಬಿಡಿ.

ಬಿಲ್ ವಿಷಯ. ಮೀನಿನ ಬೆಲೆ ಸಾಮಾನ್ಯವಾಗಿ ಕಿಲೊ ಲೆಕ್ಕದಲ್ಲಿರುತ್ತದೆ, ನೀವೇ ಆರಿಸಿ, ತೂಕ ಹಾಕಿಸಿ, ಯೂರೊ ಎಷ್ಟಾಯಿತೆಂದು ಕೇಳಿದ ಮೇಲೆಯೇ ಬೇಯಿಸಲು ಹೇಳಿ. ಮೆನುವಿನಲ್ಲಿ ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದರೆ ಅದು ಸಾಮಾನ್ಯವಾಗಿ ಫ್ರೀಜರಿನದು. ಬಿಡಿ ವೈನನ್ನೂ ಕಿಲೊದಲ್ಲೇ ಕೇಳುತ್ತಾರೆ, ಇಬ್ಬರಿಗೆ ‘ಮಿಸೊ ಕಿಲೊ’ ಅಂದರೆ ಅರ್ಧ ಸಾಕು. ಕೇಳದೆ ಬಂದ ಬ್ರೆಡ್ಡಿಗೂ ದುಡ್ಡು ಹಾಕುವುದು ಮಾಮೂಲು. ಮುದ್ರಿತ ರಸೀದಿ ಕೊಡದಿದ್ದರೆ ಗಿರಾಕಿ ಹಣ ಕೊಡಬೇಕಿಲ್ಲ ಎಂಬುದು ಅಲ್ಲಿನ ಕಾನೂನು, ಅದನ್ನು ಮೆನುವಿನಲ್ಲೇ ಅಚ್ಚು ಹಾಕಿರುತ್ತಾರೆ.