ಗೆರೆ ಅರ್ಧ ಮೀಟರ್ ಹಿಂದೆ ಸರಿದಾಗ

2010ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಮೂರು ಅಂಕದ ಗೆರೆಯನ್ನು, ಎಂದರೆ ಹೊರಗಿನಿಂದ ಹಾಕಿದರೆ ಎರಡರ ಬದಲು ಮೂರು ಅಂಕ ಸಿಗುವ ಗೆರೆಯನ್ನು, 6.25 ಮೀಟರ್‌ನಿಂದ 6.75 ಮೀಟರ್‌ಗೆ ಸರಿಸಿದರು. ಅರ್ಧ ಮೀಟರ್ ತಾನೇ ಎಂದು ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಗ ನನಗೆ 29 ವರ್ಷ. ಶೂಟಿಂಗ್ ಗಾರ್ಡ್ ಆಗಿ, ಎಂದರೆ ದೂರದಿಂದ ಹೊಡೆಯುವವನಾಗಿ, ಏಳು ಸೀಸನ್ ಸಂಬಳ ಎಣಿಸಿದ್ದೆ, ಮೂರು ಅಂಕದ ಹೊಡೆತಗಳಲ್ಲಿ ನೂರಕ್ಕೆ 38ರ ಆಸುಪಾಸಿನಲ್ಲಿದ್ದೆ. ಆ ಸೀಸನ್ ಮುಗಿಯುವಾಗ ನನ್ನ ವಯಸ್ಸೂ ನನ್ನ ಸರಾಸರಿಯೂ ಒಂದೇ ಆಗಿದ್ದವು. ಒಪ್ಪಂದ ಮುಂದುವರಿಯಲಿಲ್ಲ.

ಇನ್ನೊಂದು ಕ್ಲಬ್ ಕರೆಯಿತು, ಹಿಂದಿನ ಸಂಬಳದ ಅರ್ಧಕ್ಕಿಂತ ಸ್ವಲ್ಪ ಕಡಿಮೆಗೆ, ಅದೂ ತಿಂಗಳು ತಿಂಗಳಿಗೆ. ಮೂವತ್ತನೇ ತಾರೀಖು ಬಂದರೆ ಮ್ಯಾನೇಜರ್ ಕೋಣೆಯ ಮುಂದೆ ನಿಲ್ಲುವ ಕೆಲಸ. ಹೊಡೆತ ಹೋದ ಶೂಟಿಂಗ್ ಗಾರ್ಡ್‌ಗೆ ಬೆಲೆ ಇಲ್ಲ. ಆಟ ನಡೆಸುವ ಪಾಯಿಂಟ್ ಗಾರ್ಡ್ ಪಾಸ್ ಕೊಟ್ಟಾದರೂ ಬದುಕಿಕೊಳ್ಳುತ್ತಾನೆ, ಎತ್ತರದವರು ರಿಬೌಂಡ್, ಎಂದರೆ ತಪ್ಪಿ ಪುಟಿದ ಚೆಂಡು, ಹಿಡಿದು ಬದುಕಿಕೊಳ್ಳುತ್ತಾರೆ. ನಮ್ಮ ಜಾಗದವನು ಚೆಂಡನ್ನು ರಿಂಗಿಗೆ ಹಾಕಬೇಕು, ಇಲ್ಲವೇ ಬೆಂಚಿನಲ್ಲಿ ಟವೆಲ್ ಹಿಡಿದು ಕೂರಬೇಕು.

ಮೊದಲ ವರ್ಷ ನಾನು ಮಾಡಿದ್ದು ಇನ್ನೂ ದೊಡ್ಡ ಮೂರ್ಖತನ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 1994ರಲ್ಲಿ ಗೆರೆಯನ್ನು ಹತ್ತಿರ ತಂದು, ಮೂರು ಸೀಸನ್ ನೋಡಿ, ಮತ್ತೆ ಇದ್ದಲ್ಲಿಗೇ ಒಯ್ದಿತ್ತಲ್ಲ, ನಮ್ಮ ನಿಯಮ ಮಾಡುವವರೂ ಹಾಗೆಯೇ ಹಿಂದೆ ಮುಂದೆ ಮಾಡುತ್ತಾರೆ ಎಂದು ಕಾದೆ. ಯಾರೂ ಏನೂ ಮಾಡಲಿಲ್ಲ. ಗೆರೆ ಅಲ್ಲೇ ಇತ್ತು, ನಾನು ಕೆಳಗೆ ಹೋಗುತ್ತಿದ್ದೆ.

ಆಮೇಲೆ ತೂಕ ಎತ್ತಲು ಹೊರಟೆ. ದೂರ ಹೆಚ್ಚಿದೆ, ಆದ್ದರಿಂದ ಭುಜಕ್ಕೆ ಬಲ ಬೇಕು ಎಂಬ ಲೆಕ್ಕ. ಐದು ವಾರಕ್ಕೆ ಭುಜ ಊದಿಕೊಂಡಿತು, ಆರು ವಾರ ಚೆಂಡು ಮುಟ್ಟಲಿಲ್ಲ, ಆ ಅವಧಿಗೆ ಅರ್ಧ ಸಂಬಳ. ಬಳಿಕ ಒಬ್ಬ ಖಾಸಗಿ ತರಬೇತುದಾರನ ಹತ್ತಿರ ಹೋದೆ. ಆತ ಒಂದು ತಿಂಗಳ ಸಂಬಳವನ್ನು ಮುಂಗಡವಾಗಿ ತೆಗೆದುಕೊಂಡು ನನ್ನ ಮೊಣಕೈಯನ್ನು ಒಳಗೆ ತಳ್ಳುವುದರಲ್ಲೇ ಎಲ್ಲ ದಿನ ಕಳೆದ. ಮೂರು ಅಂಕದ ಹೊಡೆತ ಸುಧಾರಿಸಲಿಲ್ಲ. ಚೆನ್ನಾಗಿದ್ದ ಫ್ರೀ ಥ್ರೋ, ಎಂದರೆ ಫೌಲ್‌ಗೆ ಸಿಗುವ, ಯಾರೂ ತಡೆಯದ ಹೊಡೆತ, ಕೂಡ ನೂರಕ್ಕೆ 82ರಿಂದ 71ರ ಹತ್ತಿರ ಬಂತು. ಇದ್ದದ್ದನ್ನೂ ಕಳೆದುಕೊಳ್ಳಲು ಹಣ ಕೊಟ್ಟವನು ನಾನೊಬ್ಬನೇ ಇರಬೇಕು.

ಮೂರನೆಯದು ಯಂತ್ರ. ರಿಂಗಿನ ಸುತ್ತ ಬಲೆ ಕಟ್ಟಿ ಚೆಂಡನ್ನು ಹಿಡಿದು ತಾನೇ ಪಾಸ್ ಕೊಡುತ್ತದಲ್ಲ, ಅದು. ಬಳಸಿದ್ದನ್ನೇ ಕೊಂಡರೂ ಎರಡೂವರೆ ತಿಂಗಳ ಸಂಬಳ ಹೋಯಿತು. ದಿನಕ್ಕೆ 800 ಹೊಡೆತ ಹೊಡೆಯುತ್ತಿದ್ದೆ, ಅದರಲ್ಲಿ 550 ಒಳಗೆ ಬೀಳುತ್ತಿದ್ದವು. ಪಂದ್ಯಕ್ಕೆ ಹೋದರೆ ಮತ್ತೆ ಅದೇ 29, 30. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಯಂತ್ರ ಪ್ರತಿ ಸಲವೂ ಎದೆಯ ಎತ್ತರಕ್ಕೆ, ಒಂದೇ ವೇಗದಲ್ಲಿ ಕೊಡುತ್ತದೆ. ಪಂದ್ಯದಲ್ಲಿ ಅಂಥ ಪಾಸ್ ನನಗೆ ಎಷ್ಟು ಬಂದಿವೆ ಎಂದು ಬೆರಳಲ್ಲಿ ಎಣಿಸಬಹುದು. ಕೊಂಡ ಬೆಲೆಯ ಮೂರನೇ ಒಂದು ಭಾಗಕ್ಕೆ ಮಾರಿದೆ. ಕೊಂಡವನಿಗೆ ಇದನ್ನೆಲ್ಲ ಹೇಳಲಿಲ್ಲ.

ದಾರಿ ಕಂಡದ್ದು ಆಕಸ್ಮಿಕವಾಗಿ. ಗೆಳೆಯನೊಬ್ಬ ಅಭ್ಯಾಸದ ವೇಳೆ ಪಕ್ಕದಿಂದ ಮೊಬೈಲ್‌ನಲ್ಲಿ ತೆಗೆದ ವಿಡಿಯೊವನ್ನು ನಿಧಾನಗತಿಯಲ್ಲಿ ನೋಡುತ್ತಿದ್ದೆ. ನೆಗೆತದ ತುತ್ತತುದಿಯಲ್ಲಿ ಚೆಂಡು ನನ್ನ ಹಣೆಯ ಮೇಲೆ ಒಂದು ಕ್ಷಣ ನಿಂತು, ಆಮೇಲೆ ಹೊರಡುತ್ತಿತ್ತು. ಚಿಕ್ಕಂದಿನಿಂದ ಕಲಿತದ್ದು ಅದೇ: ನೆಗೆ, ಮೇಲೆ ನಿಲ್ಲು, ಬಿಡು. 6.25ಕ್ಕೆ ಅದು ನಡೆಯುತ್ತಿತ್ತು. ಆದರೆ ತುದಿಗೆ ಬರುವಷ್ಟರಲ್ಲಿ ಕಾಲಿನ ಬಲವೆಲ್ಲ ಮುಗಿದಿರುತ್ತದೆ, ಉಳಿದ ದೂರಕ್ಕೆಲ್ಲ ಭುಜವೇ ತಳ್ಳಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ. ಭುಜ ತಳ್ಳಿದರೆ ಚೆಂಡು ಎತ್ತರಕ್ಕೇರದೆ ತಗ್ಗಾಗಿ ಹೋಗುತ್ತದೆ. 45 ಸೆಂಟಿಮೀಟರ್ ರಿಂಗ್ 45 ಡಿಗ್ರಿಯಲ್ಲಿ ಇಳಿಯುವ ಚೆಂಡಿಗೆ ಸುಮಾರು 32 ಸೆಂಟಿಮೀಟರ್ ಬಾಯಿ ತೆರೆಯುತ್ತದೆ, 35 ಡಿಗ್ರಿಗೆ ಬರೀ 26. ಚೆಂಡೇ 24 ಇದೆ. ಇನ್ನು ಬೀಳುವುದು ಹೇಗೆ?

ಹಾಗಾಗಿ ತುದಿ ಮುಟ್ಟುವ ಮೊದಲೇ, ದೇಹ ಇನ್ನೂ ಮೇಲೇಳುತ್ತಿರುವಾಗಲೇ ಬಿಡಲು ನಿರ್ಧರಿಸಿದೆ. ಇಂದು ಇದು ಯಾರಿಗೂ ಹೊಸತಲ್ಲ. 2011ರಲ್ಲಿ ನಮ್ಮ ಕೋಚ್ ಹೇಳಿದ್ದು: "ಇದು ಚಿಕ್ಕ ಮಕ್ಕಳು ಎಸೆಯುವ ರೀತಿ. ನಿನ್ನ ಎತ್ತರಕ್ಕೆ ಇಷ್ಟು ಕೆಳಗಿನಿಂದ ಬಿಟ್ಟರೆ ಪ್ರತಿಯೊಬ್ಬನೂ ತಡೆಯುತ್ತಾನೆ." ಸಹ ಆಟಗಾರರೂ ಮೂಗು ಮುರಿದರು. ಕೆಳಗಿನಿಂದ ಬಿಟ್ಟರೂ ಬೇಗ ಬಿಡುತ್ತೇನೆ, ಡಿಫೆಂಡರ್ ಕೈ ಎತ್ತುವಷ್ಟರಲ್ಲಿ ಚೆಂಡು ಹೋಗಿರುತ್ತದೆ ಎಂದೆ. ಯಾರೂ ಒಪ್ಪಲಿಲ್ಲ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ, ಅದನ್ನು ತೋರಿಸಿಕೊಳ್ಳಲಿಲ್ಲ ಅಷ್ಟೇ.

ರಿಂಗಿನಿಂದ ಒಂದು ಮೀಟರ್ ದೂರದಲ್ಲಿ ಒಂಟಿ ಕೈಯಿಂದ ಆರಂಭಿಸಿದೆ. ವಾರಕ್ಕೆ ಒಂದಡಿಯಷ್ಟೇ ಹಿಂದೆ. ಅವಸರಪಟ್ಟು ಮೂರಡಿ ಹಿಂದೆ ಹೋದ ವಾರ ಹಳೆಯ ಹೊಡೆತ ತಾನಾಗಿ ಮರಳಿ ಬಂತು, ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಗೆರೆ ಮುಟ್ಟಲು ಸುಮಾರು ಐದು ತಿಂಗಳು ಹಿಡಿಯಿತು. ದಿನಕ್ಕೆ 800ರ ಬದಲು 250 ಹೊಡೆತ. ಯಂತ್ರ ಮಾರಿದ ಹಣದಲ್ಲಿ ಕಿರಿಯರ ತಂಡದ ಇಬ್ಬರು ಹುಡುಗರಿಗೆ ಗಂಟೆಗಿಷ್ಟು ಎಂದು ಕೊಟ್ಟು ಪಾಸ್ ಕೊಡಿಸಿದೆ. ಷರತ್ತು ಒಂದೇ: ಒಳ್ಳೆಯ ಪಾಸ್ ಕೊಡಬಾರದು. ಮೊಣಕಾಲಿಗೆ, ಹಿಂದಿನ ಭುಜಕ್ಕೆ, ತಡವಾಗಿ, ಪುಟಿಸಿ. ಅವರಿಗೆ ಖುಷಿಯೋ ಖುಷಿ. ನನ್ನನ್ನು ಓಡಿಸಿ ಸುಸ್ತು ಮಾಡಿ, ಅದಕ್ಕೆ ದುಡ್ಡನ್ನೂ ಪಡೆಯುತ್ತಿದ್ದರು. ನಾನು ಕೊಟ್ಟ ಹಣದಲ್ಲಿ ಸಾರ್ಥಕವಾದದ್ದು ಇದೊಂದೇ.

ನಡುವೆ ಸುಮ್ಮನಿರಲಾಗದೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಭಾರದ ಚೆಂಡಿನಲ್ಲಿ ಒಂದು ವಾರ ಹೊಡೆದೆ, ಬೆರಳಿನ ತುದಿಯ ಹದ ಕೆಟ್ಟು ಎರಡು ವಾರ ಸರಿಯಾಗಲಿಲ್ಲ. ರಿಂಗಿನೊಳಗೆ ಚಿಕ್ಕ ರಿಂಗ್ ಕೂರಿಸಿದೆ, ಅದರಿಂದ ಬೈಗುಳಗಳು ಹೆಚ್ಚಾದವೇ ಹೊರತು ಬೇರೇನೂ ಆಗಲಿಲ್ಲ. ಕೆಲಸಕ್ಕೆ ಬಂದದ್ದು ಒಂದು ಹುಚ್ಚು ಆಟ. ಚೆಂಡು ಕೈಬಿಟ್ಟ ಕೂಡಲೇ ಕಣ್ಣು ಮುಚ್ಚಿ "ಗಿಡ್ಡ", "ಉದ್ದ", "ಎಡ" ಎಂದು ಕೂಗುವುದು, ಆಮೇಲೆ ಹುಡುಗರನ್ನು ಕೇಳುವುದು. ಮೊದಮೊದಲು ಹತ್ತಕ್ಕೆ ಮೂರೋ ನಾಲ್ಕೋ ಸರಿಯಾಗುತ್ತಿತ್ತು. ಎರಡು ತಿಂಗಳಲ್ಲಿ ಎಂಟಕ್ಕೆ ಬಂತು. ತಪ್ಪು ಎಲ್ಲಿ ಆಯಿತೆಂದು ಕೈಗೇ ಗೊತ್ತಾಗತೊಡಗಿದ ಮೇಲೆ ಕೋಚ್ ಅಗತ್ಯವೇ ಬೀಳಲಿಲ್ಲ. ಇದನ್ನು ಆತನಿಗೂ ಹೇಳಿದೆ, ಹೇಳಬಾರದಿತ್ತು.

ಎಡಗಾಲನ್ನು ಎಷ್ಟು ತಿರುಗಿಸುತ್ತೇನೆ, ರಿಂಗಿನ ಯಾವ ಭಾಗವನ್ನು ಯಾವಾಗ ನೋಡುತ್ತೇನೆ ಎಂದು ಹಲವರು ಕೇಳುತ್ತಾರೆ. ಅವೆರಡನ್ನು ಇಲ್ಲಿ ಬರೆಯುವುದಿಲ್ಲ. ಈಗ ನನ್ನ ಹೊಟ್ಟೆಪಾಡು ಅದನ್ನು ಕಲಿಸುವುದರಿಂದಲೇ ನಡೆಯುತ್ತಿದೆ.

ಹೊಸ ಹೊಡೆತದ ಮೊದಲ ಹನ್ನೆರಡು ಪಂದ್ಯಗಳಲ್ಲಿ ನನ್ನ ಸರಾಸರಿ 24. ಹೌದು, ಹಳೆಯದಕ್ಕಿಂತಲೂ ಕಡಿಮೆ. ಒಂದು ಪಂದ್ಯದಲ್ಲಿ ಮೂರು ಸಲ ಚೆಂಡು ರಿಂಗನ್ನೂ ಮುಟ್ಟಲಿಲ್ಲ, ಬೋರ್ಡನ್ನೂ ಮುಟ್ಟಲಿಲ್ಲ. ಎದುರಾಳಿಗಳು ನನ್ನನ್ನು ಕಾಯುವುದನ್ನೇ ಬಿಟ್ಟರು. ಅವಮಾನವೇ, ಆದರೆ ಲಾಭ ಬಂದದ್ದೂ ಅಲ್ಲಿಂದಲೇ. ಯಾರೂ ಹತ್ತಿರ ಬರದಿದ್ದರಿಂದ ಪಂದ್ಯದಲ್ಲೇ ಅಭ್ಯಾಸ ಮಾಡಿಕೊಂಡೆ. ಸೀಸನ್ ಕೊನೆಗೆ 33. ಮುಂದಿನ ವರ್ಷ 37. ನನ್ನ ಹೊಡೆತವನ್ನು ಯಾರೋ ತಡೆದದ್ದು ಆ ಎರಡು ವರ್ಷಗಳಲ್ಲಿ ನಾಲ್ಕೋ ಐದೋ ಸಲ ಇರಬಹುದು.

ಆ ಹೊತ್ತಿಗೆ, 2013ರ ಎನ್‌ಬಿಎ ಫೈನಲ್‌ನ ಆರನೇ ಪಂದ್ಯದಲ್ಲಿ ಮಯಾಮಿ ಹೀಟ್ ತಂಡದ ರೇ ಆಲನ್ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಕಾರ್ನರ್, ಎಂದರೆ ಅಂಕಣದ ಮೂಲೆ, ಸೇರಿ, 5.2 ಸೆಕೆಂಡ್ ಉಳಿದಿರುವಾಗ ಮೂರು ಅಂಕ ಹೊಡೆದು ಸಮ ಮಾಡಿದ. ಎಲ್ಲರೂ ಆ ಹೊಡೆತವನ್ನು ನೋಡಿದರು. ನಾನು ಪಾದಗಳನ್ನು ನೋಡಿದೆ. ಬಗ್ಗಿ ನೋಡದೆ ಗೆರೆಯ ಹೊರಗೆ ನಿಂತಿದ್ದ. ನೆಲದ ಮೇಲೆ ಮಲಗಿ, ತಟ್ಟನೆ ಎದ್ದು, ಹಿಂದಕ್ಕೆ ಓಡಿ ಕಾರ್ನರ್‌ನಲ್ಲಿ ಹೊಡೆಯುವುದನ್ನು ಆತ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದವನು. ಮರುದಿನದಿಂದ ನಾನೂ ಮಲಗಿ ಎದ್ದು ಓಡತೊಡಗಿದೆ. ಗೆರೆ ಎಲ್ಲಿದೆ ಎಂದು ಪಾದಕ್ಕೆ ತಿಳಿಯಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಅದು ಹೇಗೆ ಉಪಯೋಗಕ್ಕೆ ಬಂತು ಎಂಬುದೇ ಸ್ವಲ್ಪ ನಾಚಿಕೆಯ ಸಂಗತಿ.

ಆ ವರ್ಷದ ಒಪ್ಪಂದಕ್ಕೆ ಕೂತಾಗ ಸಂಬಳ ಹೆಚ್ಚಿಸಲು ಮ್ಯಾನೇಜರ್ ಒಪ್ಪಲಿಲ್ಲ. ಹಾಗಾದರೆ ಒಂದು ಸಾಲು ಸೇರಿಸಿ ಎಂದೆ: ಮೂರು ಅಂಕದ ಕನಿಷ್ಠ 150 ಹೊಡೆತ, ನೂರಕ್ಕೆ 40 ಅಥವಾ ಹೆಚ್ಚು ಬಂದರೆ ಮೂರು ತಿಂಗಳ ಸಂಬಳದಷ್ಟು ಬೋನಸ್. ಅವರು ನಕ್ಕರು. "ನಲವತ್ತೇ? ಬರೆದುಕೊಳ್ಳಿ, ನಮಗೇನು ನಷ್ಟ" ಎಂದು ಸಹಿ ಹಾಕಿದರು.

ಬೇರೆ ಅಂಕಿಗಳೆಲ್ಲ ನೆನಪಿನಿಂದ ಬರೆದವು, ಹೆಚ್ಚುಕಡಿಮೆ ಇರಬಹುದು. ಇದು ಮಾತ್ರ ಕರಾರುವಾಕ್ಕು: ಕೊನೆಯ ಪಂದ್ಯಕ್ಕೆ ಮೊದಲು ನಾನು 200ಕ್ಕೆ 81. ಎರಡು ತಪ್ಪಿದರೂ 40ರ ಮೇಲೆ, ಮೂರನೆಯದು ತಪ್ಪಿದರೆ 39.9. ಪಂದ್ಯದ ಮೊದಲ ಅರ್ಧದಲ್ಲೇ ಎರಡನ್ನೂ ತಪ್ಪಿಸಿದೆ. ಮೂರನೇ ಕಾಲು ಭಾಗ ಪೂರ್ತಿ ಪಾಸ್ ಕೊಡುತ್ತಾ ಕಳೆದೆ. ಇಷ್ಟು ನಿಸ್ವಾರ್ಥವಾಗಿ ನಾನು ಎಂದೂ ಆಡಿರಲಿಲ್ಲ.

ಒಂದೂವರೆ ನಿಮಿಷ ಉಳಿದಿತ್ತು, ಒಂದು ಅಂಕ ಹಿಂದಿದ್ದೆವು. ಪಾಯಿಂಟ್ ಗಾರ್ಡ್ ಒಳನುಗ್ಗಿ ಇಬ್ಬರನ್ನು ಸೆಳೆದು ಚೆಂಡನ್ನು ಕಾರ್ನರ್‌ಗೆ ಎಸೆದ. ನನ್ನ ಮುಂದೆ ಯಾರೂ ಇಲ್ಲ. ಹೊಡೆಯದಿದ್ದರೆ ತಂಡ ನನ್ನನ್ನು ಬಿಡುವುದಿಲ್ಲ, ಹೊಡೆದು ತಪ್ಪಿದರೆ ಮೂರು ತಿಂಗಳ ಸಂಬಳ. ಚೆಂಡು ಕೈಗೆ ಬರುವ ಮೊದಲೇ ಬಲಗಾಲ ಹೆಬ್ಬೆರಳನ್ನು ಮೆಲ್ಲನೆ ಗೆರೆಯ ಮೇಲೆ ಇಟ್ಟೆ. ಗೆರೆ ತುಳಿದರೆ ಎರಡೇ ಅಂಕ, ಮೂರರ ಲೆಕ್ಕಕ್ಕೆ ಸೇರುವುದಿಲ್ಲ. ಚೆಂಡು ಬಲೆಯನ್ನಷ್ಟೇ ಮುಟ್ಟಿ ಇಳಿಯಿತು. ರೆಫರಿ ಎರಡು ಬೆರಳು ತೋರಿಸಿದರು. "ಕಾಲು ನೋಡಿಕೊಳ್ಳುವುದಕ್ಕೇನು ನಿನಗೆ!" ಎಂದು ಕೋಚ್ ಬೆಂಚಿನಿಂದ ಕಿರುಚಿದರು. ಕ್ಷಮಿಸಿ ಸರ್ ಎಂದು ಕೈ ಎತ್ತಿದೆ. ಆ ಒಂದು ಅಂಕದ ಮುನ್ನಡೆಯಲ್ಲೇ ಗೆದ್ದೆವು.

ಬೋನಸ್ ಎರಡು ಕಂತುಗಳಲ್ಲಿ ಬಂತು, ಎರಡನೆಯದಕ್ಕೆ ಐದು ತಿಂಗಳು ಅಲೆದೆ. ಮುಂದಿನ ವರ್ಷದ ಒಪ್ಪಂದದಲ್ಲಿ ಆ ಸಾಲು ಇರಲಿಲ್ಲ.