ಮನೆಯಲ್ಲೇ ಕಟ್ಟಿದ ಕಾರಿಗೆ ವೀಲ್: ಆಫ್‌ಸೆಟ್ ಅಳೆದು ಆಮೇಲೆ ಕೊಳ್ಳಿ

ಬೆಳಗಾವಿ ಉದ್ಯಮಬಾಗದ ಒಂದು ಶೆಡ್ಡಿನಲ್ಲಿ ಹೋದ ಬೇಸಿಗೆ ಒಂದು ಟೈರ್ ನೋಡಿದೆ. ಹೊಚ್ಚ ಹೊಸದು. ಮೇಲಿನ ರಬ್ಬರ್ ಕೂದಲು ಕೂಡ ಉದುರಿರಲಿಲ್ಲ. ಆದರೆ ಒಳಮಗ್ಗುಲಲ್ಲಿ ಸುತ್ತಲೂ ಬೆರಳಗಲದ ಗೀರು, ಅದರಲ್ಲಿ ಒಂದು ಕಡೆ ಒಳಗಿನ ನೂಲು ಇಣುಕುತ್ತಿತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಚಾಸಿಸ್ ಪೈಪಿನ ವೆಲ್ಡಿಂಗ್ ಗಂಟು ಅದನ್ನು ಕೆರೆದಿತ್ತು. ಕಾರು ಓಡಿದ್ದು ಕಾಂಪೌಂಡಿನೊಳಗೆ, ಅರ್ಧ ತಾಸು ಅಷ್ಟೇ.

"ನಿಂತಾಗ ಬೆರಳ ಹೋಗುವಷ್ಟ ಜಾಗಾ ಇತ್ರಿ ಕಾಕಾ" ಅಂದ ಕಾರು ಕಟ್ಟಿದ ಹುಡುಗ. ಹೌದು, ನಿಂತಾಗ ಇತ್ತು. ತಿರುಗಿಸಿ ಇಟ್ಟಿಗೆ ಮೇಲೆ ಹತ್ತಿಸಿದಾಗ ಇರಲಿಲ್ಲ. ಎಂಜಿನಿಯರಿಂಗ್ ಓದುವ ಹುಡುಗರು, ಲೇಥ್ ಕೆಲಸದವರು, ಇಬ್ಬರೂ ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ಚಂದ ಕಂಡಿತು ಅಂತ ನಾಲ್ಕು ಅಲಾಯ್ ವೀಲ್ ತಂದುಬಿಡುತ್ತಾರೆ. ಅಳತೆ ಆಮೇಲೆ.

ಆಫ್‌ಸೆಟ್ ಅಂದರೆ ಕಷ್ಟದ ವಿಷಯ ಏನಲ್ಲ. ವೀಲಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದೆವು ಅಂದುಕೊಳ್ಳಿ. ಹಬ್‌ಗೆ, ಅಂದರೆ ಕಾರಿನಲ್ಲಿ ವೀಲನ್ನು ಬೋಲ್ಟ್ ಮಾಡುವ ಭಾಗಕ್ಕೆ, ಒತ್ತಿ ಕೂರುವ ವೀಲಿನ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರ ಇದೆಯೋ ಅದೇ ಆಫ್‌ಸೆಟ್. ಮುಖ ಹೊರಗಡೆಗಿದ್ದರೆ ಪ್ಲಸ್, ಒಳಗಡೆಗಿದ್ದರೆ ಮೈನಸ್. ಪ್ಲಸ್ ಜಾಸ್ತಿಯಾದಷ್ಟೂ ವೀಲ್ ಗಾಡಿಯ ಒಳಕ್ಕೆ ಸರಿಯುತ್ತದೆ. ಅಲಾಯ್ ವೀಲಿನ ಹಿಂಬದಿಯಲ್ಲಿ 'ಇಟಿ 35' ಅಂತ ಅಚ್ಚಾಗಿರುತ್ತದಲ್ಲ, ಅದು ಇದೇ. ಐನ್‌ಪ್ರೆಸ್‌ಟೀಫ ಅನ್ನುವ ಜರ್ಮನ್ ಪದದ ಚುಟುಕು.

ಅಚ್ಚು ಇಲ್ಲದ ಕಬ್ಬಿಣದ ವೀಲ್ (ಡಿಸ್ಕ್) ಆದರೆ ಹೀಗೆ ಮಾಡಿ. ಬೋರಲು ಮಲಗಿಸಿ, ಹಿಂಬದಿಯ ಅಂಚಿನ ಮೇಲೆ ನೇರ ಪಟ್ಟಿ ಇಡಿ. ಪಟ್ಟಿಯಿಂದ ಹಬ್ ಮುಖದವರೆಗೆ ಅಳೆಯಿರಿ. 124 ಮಿಮೀ ಬಂತು ಅನ್ನಿ. ಡಿಸ್ಕಿನ ಅಂಚಿನಿಂದ ಅಂಚಿಗೆ ಪೂರ್ತಿ ಅಗಲ 178. ಅದರ ಅರ್ಧ 89. 124ರಲ್ಲಿ 89 ಕಳೆದರೆ 35. ಒಂದು ಎಚ್ಚರ: 6ಜೆ ಅಂದರೆ 6 ಇಂಚು, ಅಂದರೆ 152 ಮಿಮೀ. ಅದು ಟೈರ್ ಕೂರುವ ಜಾಗದ ಅಗಲ ಮಾತ್ರ. ಅಂಚುಗಳೂ ಸೇರಿ ಸುಮಾರು ಒಂದು ಇಂಚು ಜಾಸ್ತಿ ಇರುತ್ತದೆ. ಇಲ್ಲಿ ಎಡವುವವರು ಬಹಳ.

ಟೈರ್ ಸೈಜು, ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ), ವೀಲಿನ ನಡುತೂತು, ಈ ಮೂರನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ನಾಲ್ಕು ಬೋಲ್ಟಿನ ಹಬ್ ಆದರೆ ಎದುರುಬದುರು ಬೋಲ್ಟುಗಳ ನಡುವಿನಿಂದ ನಡುವಿಗೆ ಅಳೆದರೆ ಪಿಸಿಡಿ ಸಿಗುತ್ತದೆ. ಮಾರುತಿ 800ರದು 114.3, ಸ್ವಿಫ್ಟ್‌ನದು 100. ಒಂದರ ವೀಲ್ ಇನ್ನೊಂದಕ್ಕೆ ಕೂರುವುದಿಲ್ಲ.

ಈಗ ಕೆಲಸದ ಜೀವಾಳಕ್ಕೆ ಬರೋಣ. ಕಾರಿನ ಅಳತೆ.

ಮುಂದಿನ ಚಕ್ರ ಬಿಚ್ಚಿ. ಸ್ಪ್ರಿಂಗ್ ತೆಗೆದು ಶಾಕ್ ಅಬ್ಸಾರ್ಬರ್ ಮಾತ್ರ ವಾಪಸ್ ಹಾಕಿ. ಆಗ ಸಸ್ಪೆನ್ಶನ್ನನ್ನು ಜಾಕ್‌ನಿಂದ ಸುಲಭವಾಗಿ ಪೂರ್ತಿ ಮೇಲಕ್ಕೆ ಎತ್ತಬಹುದು. ಸ್ಪ್ರಿಂಗ್ ಇಟ್ಟುಕೊಂಡೇ ನಾಲ್ಕು ಜನ ಬಾನೆಟ್ ಮೇಲೆ ಕೂತು ಅಳೆಯುವುದನ್ನು ನೋಡಿದ್ದೇನೆ. ಅದು ಅಳತೆಯೇ ಅಲ್ಲ.

ಟೈರಿನ ಬದಲು ಒಂದು ಪ್ಲೈವುಡ್ ಚಕ್ರ ಮಾಡಿಕೊಳ್ಳಿ. 185/60 ಆರ್14 ಟೈರಿನ ವ್ಯಾಸ ಸುಮಾರು 578 ಮಿಮೀ. ಆ ಅಳತೆಯ ಒಂದು ತಟ್ಟೆ ಕೊಯ್ದು ಹಬ್‌ಗೆ ಬೋಲ್ಟ್ ಮಾಡಿ. ಅದೇ ವ್ಯಾಸದ, ನಡುವೆ 14 ಇಂಚು ತೂತಿರುವ ಇನ್ನೊಂದು ಬಳೆ ಕೊಯ್ಯಿರಿ. ಎರಡನ್ನೂ ಮೂರು ಉದ್ದನೆಯ ಥ್ರೆಡ್ ರಾಡಿನಿಂದ ಸೇರಿಸಿ, ಬಳೆ ಒಳಗಡೆಗೆ ಬರಲಿ. ನಟ್ ತಿರುಗಿಸಿದರೆ ಬಳೆ ಹಿಂದೆ ಮುಂದೆ ಸರಿಯಬೇಕು. ಅದು ಟೈರಿನ ಒಳಮಗ್ಗುಲು. ಒಂದು ದಿನದ ಕೆಲಸ, ತುಂಡು ಪ್ಲೈ ಸಾಕು. ಇದಿಲ್ಲದೆ ನಾನಂತೂ ವೀಲ್ ಕೊಳ್ಳಲು ಹೇಳುವುದಿಲ್ಲ.

ಅಳೆಯುವಾಗ ಅಡ್ಡ ಬರುವ ಭಾಗಗಳನ್ನು ಎರಡು ಗುಂಪು ಮಾಡಿ. ಬ್ರೇಕ್ ಕ್ಯಾಲಿಪರ್, ಮೇಲಿನ ಬಾಲ್ ಜಾಯಿಂಟ್ (ಚಕ್ರ ತಿರುಗಲು ಬಿಡುವ ಗುಂಡು ಕೀಲು), ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಕಂಬ) ಇದ್ದರೆ ಅದು, ಇವೆಲ್ಲ ಚಕ್ರದ ಜೊತೆಗೇ ತಿರುಗುತ್ತವೆ. ಒಮ್ಮೆ ಅಳೆದರೆ ಸಾಕು. ಚಾಸಿಸ್ ಪೈಪ್, ಚಕ್ರದ ಕಡೆಯನ್ನು ಚಾಸಿಸ್‌ಗೆ ಜೋಡಿಸುವ ವಿಶ್‌ಬೋನ್ ತೋಳು, ಬಾಡಿ, ಇವು ಚಕ್ರದ ಜೊತೆ ತಿರುಗುವುದಿಲ್ಲ. ಇವನ್ನು ಸಸ್ಪೆನ್ಶನ್ ಕೆಳಗಿದ್ದಾಗ, ನಡುವೆ ಇದ್ದಾಗ, ಪೂರ್ತಿ ಮೇಲೆ ಇದ್ದಾಗ, ಮೂರೂ ಸಲ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಕೊನೆಯವರೆಗೆ ತಿರುಗಿಸಿ ನೋಡಬೇಕು. ಆ ಹುಡುಗ ಬಿಟ್ಟದ್ದು ಇದನ್ನೇ.

ಒಂದು ಲೆಕ್ಕ ನೋಡಿ. ಹಬ್ ಮುಖದಿಂದ ಒಳಕ್ಕೆ, ಟೈರ್ ಬರುವ ಎತ್ತರದಲ್ಲಿ, ಬಾಲ್ ಜಾಯಿಂಟಿಗೆ 140 ಮಿಮೀ ಇದೆ. 10 ಮಿಮೀ ಖಾಲಿ ಬಿಡಿ. ಉಳಿದದ್ದು 130. ಆ ಟೈರ್ 5.5ಜೆ ವೀಲಿನ ಮೇಲೆ ಸುಮಾರು 189 ಮಿಮೀ ಅಗಲ, ಅರ್ಧ 95. 130ರಲ್ಲಿ 95 ಹೋದರೆ 35. ಇಟಿ 35ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಹೊರಗಡೆ ಮಡ್ಗಾರ್ಡ್ ಅಂಚಿಗೆ 85 ಇದೆ. 15 ಬಿಟ್ಟರೆ 70. 95ರಲ್ಲಿ 70 ಹೋದರೆ 25. ಅಂದರೆ 25ಕ್ಕಿಂತ ಕಡಿಮೆಯೂ ಆಗದು. ನಿಮ್ಮ ವೀಲ್ 25ರಿಂದ 35ರ ನಡುವೆ ಎಲ್ಲೋ ಇದೆ. ಈಗ ಬಳೆಯನ್ನು ಹಬ್ ಮುಖದಿಂದ 130ಕ್ಕೆ ನಿಲ್ಲಿಸಿ, ಚಾಸಿಸ್ ಪೈಪಿಗೂ ವಿಶ್‌ಬೋನಿಗೂ ತಾಗದೆ ತಿರುಗುತ್ತದಾ ನೋಡಿ. ತಾಗಿದರೆ 35 ಇನ್ನೂ ಇಳಿಯುತ್ತದೆ.

1957ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಲೋಟಸ್ ಸೆವೆನ್ ಮಾದರಿಯ ಕಾರು ಕಟ್ಟುತ್ತಿದ್ದೀರಾ? ಅದರ ಸೈಕಲ್ ಮಡ್ಗಾರ್ಡ್ ಚಕ್ರದ ಜೊತೆಗೇ ತಿರುಗುವಂತೆ ಕೂರಿಸಿದ್ದರೆ ಮುಂದಿನ ಚಕ್ರಕ್ಕೆ ಹೊರಗಿನ ತೊಂದರೆ ಇಲ್ಲ. ಹಾಗಂತ ಚಕ್ರವನ್ನು ಎಷ್ಟಾದರೂ ಹೊರಗೆ ತಳ್ಳಬೇಡಿ. ಕಾರಣ ನೆಲದ ಮೇಲಿದೆ.

ಮೇಲಿನ, ಕೆಳಗಿನ ಬಾಲ್ ಜಾಯಿಂಟ್ ಎರಡರ ನಟ್ಟನಡುವನ್ನೂ ಹಾಯ್ದು ಒಂದು ನೇರ ಗೆರೆ ನೆಲಕ್ಕೆ ಇಳಿಸಿ. ಗೌಂಡಿಗಳ ತೂಗುಗುಂಡಿನಿಂದ ಜಾಯಿಂಟುಗಳ ಜಾಗ ಗುರುತಿಸಿ, ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ನಿಜ ಅಳತೆಗೇ ಚಿತ್ರ ಬರೆಯಿರಿ. ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುವಿಗೂ ಇರುವ ಅಂತರವೇ ಸ್ಕ್ರಬ್ ರೇಡಿಯಸ್. ಟೈರ್ ಅಳತೆ ಅದೇ ಇಟ್ಟು ಆಫ್‌ಸೆಟ್ 10 ಇಳಿಸಿದರೆ ಚಕ್ರ ಸರಿಯಾಗಿ 10 ಮಿಮೀ ಹೊರಗೆ ಹೋಗುತ್ತದೆ. ಅಂತರ ಬೆಳೆದಷ್ಟೂ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ಒಂದು ಬ್ರೇಕ್ ಜೋರು ಹಿಡಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ. ಬೇರಿಂಗ್ ಮೇಲೂ ಭಾರ ಜಾಸ್ತಿ. ಅದಕ್ಕೇ ಹೇಳುತ್ತೇನೆ: 25ರಿಂದ 35ರಲ್ಲಿ ಆರಿಸುವುದಾದರೆ 35ರ ಕಡೆಗೇ ಹೋಗಿ. ನೋಟಕ್ಕೆ ಚಕ್ರ ಸ್ವಲ್ಪ ಒಳಗೆ ಕಾಣುತ್ತದೆ. ಕಾಣಲಿ.

ಹಿಂದಿನ ಚಕ್ರಗಳಿಗೆ ಸ್ಟೀರಿಂಗ್ ಇಲ್ಲ, ಬಾಡಿಯೇ ಯಜಮಾನ. ಎರಡು ಹಬ್ ಮುಖಗಳ ನಡುವಿನ ದೂರದಲ್ಲಿ ನಿಮಗೆ ಬೇಕಾದ ಟ್ರ್ಯಾಕ್ (ಎಡ ಬಲ ಟೈರುಗಳ ನಡುವಿನಿಂದ ನಡುವಿಗೆ ಇರುವ ದೂರ) ಕಳೆದು ಎರಡರಿಂದ ಭಾಗಿಸಿ. 1360ರಲ್ಲಿ 1290 ಹೋದರೆ 70, ಅರ್ಧ 35. ಮುಗಿಯಿತು.

ಸ್ಪೇಸರ್, ಅಂದರೆ ಹಬ್‌ಗೂ ವೀಲಿಗೂ ನಡುವೆ ಇಟ್ಟು ಚಕ್ರವನ್ನು ಹೊರಗೆ ತಳ್ಳುವ ತಟ್ಟೆ, ಅದರ ಬಗ್ಗೆ ಹೇಳಲೇಬೇಕು. ಎಲ್ಲ ಪಿಸಿಡಿಗೂ ಹೊಂದುತ್ತದೆ ಅಂತ ಉದ್ದುದ್ದ ತೂತು ಬಿಟ್ಟ ಎರಕದ ಅಲ್ಯೂಮಿನಿಯಂ ತಟ್ಟೆ ಸಿಗುತ್ತದೆ. ಮುಟ್ಟಬೇಡಿ. ಅದಕ್ಕೆ ಹಬ್ ಮೇಲೆ ನಡು ಸಿಗುವುದಿಲ್ಲ, ಗಾಡಿ ನಡುಗುತ್ತದೆ. ನಮ್ಮಲ್ಲಿ ಫೌಂಡ್ರಿ ಬಹಳ, "ಒಂದು ಎರಕ ಹೊಯ್ದು ಕೊಡ್ತೀವಿ" ಅನ್ನುವವರೂ ಸಿಗುತ್ತಾರೆ. ಕಾಸ್ಟ್ ಐರನ್ ಬಡಿತಕ್ಕೆ ಬಿರುಕು ಬಿಡುವ ಲೋಹ, ಚಕ್ರದ ಹತ್ತಿರ ಅದು ಬೇಡ. ಬೇಕೇ ಬೇಕು ಅಂದರೆ ಗಟ್ಟಿ ಅಲ್ಯೂಮಿನಿಯಂ ತುಂಡಿನಿಂದ, ಹಬ್‌ನ ನಡು ಉಬ್ಬಿಗೆ ಸರಿಯಾಗಿ ಲೇಥ್‌ನಲ್ಲಿ ಕೊರೆಸಿ, ಉದ್ದನೆಯ ಸ್ಟಡ್ ಹಾಕಿಸಿ. 12 ಮಿಮೀ ಸ್ಟಡ್ ಆದರೆ ನಟ್ ಕಡಿಮೆಯೆಂದರೂ 12 ಮಿಮೀ ಕಚ್ಚಬೇಕು. ಸುಜುಕಿಯ 1.25 ಪಿಚ್‌ಗೆ ಅದು ಹತ್ತು ಸುತ್ತು. ನಾಲ್ಕೈದು ಸುತ್ತಿಗೇ ಬಿಗಿಯಾಯಿತು ಅಂತ ಸುಮ್ನೆ ಬಿಡಬೇಡಿ. ಡಿಸ್ಕ್ ಕೊಯ್ದು ಅಗಲ ಮಾಡಿ ವೆಲ್ಡ್ ಮಾಡಿಸುವುದೂ ಬೇಡ.

ನಾಲ್ಕೂ ವೀಲಿಗೆ ದುಡ್ಡು ಕೊಡುವ ಮೊದಲು ಪರಿಚಯದ ಟೈರ್ ಅಂಗಡಿಯಿಂದ ಒಂದೇ ಒಂದನ್ನು ಟೈರ್ ಸಮೇತ ಕೇಳಿ ತನ್ನಿ. ಕ್ಯಾಲಿಪರಿಗೂ ವೀಲಿಗೂ ಕನಿಷ್ಠ 3 ಮಿಮೀ ಇದೆಯಾ ನೋಡಿ. ಬಲಗಡೆ ಹಾಕಿ, ತೆಗೆದು ಎಡಗಡೆಗೂ ಹಾಕಿ. ಮನೆಯಲ್ಲಿ ವೆಲ್ಡ್ ಮಾಡಿದ ಚಾಸಿಸ್ ಎರಡೂ ಬದಿ ಒಂದೇ ಅಳತೆ ಇರುವುದು ಅಪರೂಪ. ನೋಂದಣಿ ಇಲ್ಲದ ಗಾಡಿಯನ್ನು 1988ರ ಮೋಟಾರು ವಾಹನ ಕಾಯ್ದೆ ರಸ್ತೆಗೆ ಬಿಡುವುದಿಲ್ಲ, ಹಾಗಾಗಿ ಪರೀಕ್ಷೆ ಕಾಂಪೌಂಡಿನೊಳಗೇ ಆಗಲಿ. ಟೈರಿನ ಒಳಮಗ್ಗುಲಿಗೂ ಭುಜಕ್ಕೂ ಒದ್ದೆ ಸುಣ್ಣ ಬಳಿದು ಒಣಗಲು ಬಿಡಿ. ಸ್ಟೀರಿಂಗ್ ಕೊನೆಗೆ ತಿರುಗಿಸಿ ಒಂದು ಗಾಲಿಯನ್ನು ಇಟ್ಟಿಗೆ ಮೇಲೆ ನಿಧಾನ ಹತ್ತಿಸಿ ಇಳಿಸಿ. ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಇನ್ನೂ ಜಾಗ ಮಾಡಬೇಕು.