ಬೈಕ್ ರೇಸಿಂಗನ್ನೇ ವೃತ್ತಿ ಮಾಡಿಕೊಳ್ಳುವವರಿಗೆ: ಮೊದಲ ಎರಡು ಸೀಸನ್‌ಗಳ ತಯಾರಿ

ರೇಸರ್ ಆಗಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ದೊಡ್ಡ ಬೈಕ್ ಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 600 ಸಿಸಿ ಬೈಕಿನ ಕಂತು ಕಟ್ಟುತ್ತಾ ಕೂತರೆ ಟೈರಿಗೆ, ಲೆದರ್ ಸೂಟಿಗೆ, ಟ್ರ್ಯಾಕ್ ಶುಲ್ಕಕ್ಕೆ ದುಡ್ಡು ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಅಷ್ಟು ಶಕ್ತಿಯ ಬೈಕು ತಿರುವಿನಲ್ಲಿ ಮಾಡಿದ ತಪ್ಪನ್ನು ಸ್ಟ್ರೈಟ್‌ನಲ್ಲಿ (ಟ್ರ್ಯಾಕಿನ ನೇರ ಭಾಗದಲ್ಲಿ) ಮುಚ್ಚಿಹಾಕುತ್ತದೆ. 150ರಿಂದ 310 ಸಿಸಿ ಬೈಕಿನಲ್ಲಿ ತಿರುವಿನ ನಡುವೆ ಗಂಟೆಗೆ ಮೂರು ಕಿಲೋಮೀಟರ್ ವೇಗ ಕಳೆದುಕೊಂಡರೆ ಅದು ಮುಂದಿನ ಸ್ಟ್ರೈಟ್ ಮುಗಿಯುವ ತನಕ ಕಾಡುತ್ತದೆ. ಕಲಿಕೆ ಆಗುವುದು ಅಲ್ಲಿಯೇ.

ನಮ್ಮ ದೇಶದಲ್ಲಿ ಹೊಸಬರಿಗೆ ಒಳ್ಳೆಯ ಬಾಗಿಲು ಒನ್‌ ಮೇಕ್ ಸರಣಿಗಳು. ಟಿವಿಎಸ್, ಹೋಂಡಾ ಮುಂತಾದ ಕಂಪನಿಗಳು ನಡೆಸುವ ಇವುಗಳಲ್ಲಿ ಎಲ್ಲರಿಗೂ ಒಂದೇ ಮಾದರಿಯ ಬೈಕು. ಬೈಕನ್ನು ಸಿದ್ಧಪಡಿಸುವುದು ಕಂಪನಿಯ ಮೆಕ್ಯಾನಿಕ್‌ಗಳು. ಆಯ್ಕೆ ಸುತ್ತಿನಲ್ಲಿ ಲ್ಯಾಪ್ ಟೈಮ್, ಅಂದರೆ ಟ್ರ್ಯಾಕನ್ನು ಒಮ್ಮೆ ಸುತ್ತಲು ಹಿಡಿಯುವ ಸಮಯ, ನೋಡುತ್ತಾರೆ. ಆದರೆ ಒಂದೇ ಒಂದು ವೇಗದ ಲ್ಯಾಪ್ ಹಾಕಿ ಮುಂದಿನದರಲ್ಲಿ ಬೀಳುವವರಿಗಿಂತ, ಸತತ ಐದು ಲ್ಯಾಪ್‌ಗಳನ್ನು ಅರ್ಧ ಸೆಕೆಂಡಿನ ಅಂತರದೊಳಗೆ ಮುಗಿಸುವವರ ಮೇಲೆಯೇ ತಂಡಗಳಿಗೆ ಭರವಸೆ ಹುಟ್ಟುವುದು.

ಟ್ರ್ಯಾಕ್, ಲೈಸೆನ್ಸ್

ಬೆಂಗಳೂರಿನವರಿಗೆ ಅನುಕೂಲವಾದದ್ದು ಶ್ರೀಪೆರಂಬದೂರು ಬಳಿ, ಚೆನ್ನೈ ಹೆದ್ದಾರಿಗೆ ಹೊಂದಿಕೊಂಡಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್: 3.717 ಕಿ.ಮೀ. ಉದ್ದ, 12 ತಿರುವುಗಳು. ಅಲ್ಲಿ ತಿರುವುಗಳನ್ನು ಸಿ1, ಸಿ2 ಎಂದೇ ಕರೆಯುತ್ತಾರೆ. ಹೋಗುವ ಮೊದಲೇ ನಕ್ಷೆ ನೋಡಿ ಬಾಯಿಪಾಠ ಮಾಡಿಕೊಳ್ಳಿ. ಮೈಸೂರು ಕಡೆಯವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಹತ್ತಿರ. ಅದು ಚಿಕ್ಕ ಟ್ರ್ಯಾಕ್, ಸಣ್ಣ ಬೈಕುಗಳಿಗೆ ಹೇಳಿ ಮಾಡಿಸಿದಂತಿದೆ.

ರೇಸಿಂಗ್ ಲೈಸೆನ್ಸ್ ಕೊಡುವುದು ದೇಶದ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ. ವಯಸ್ಸಿನ ದಾಖಲೆ, ವೈದ್ಯಕೀಯ ಪ್ರಮಾಣಪತ್ರ, ರಕ್ತದ ಗುಂಪಿನ ವಿವರ, 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಹೊಸಬರು ಮಾನ್ಯತೆ ಪಡೆದ ಅಕಾಡೆಮಿಯಲ್ಲಿ ತರಬೇತಿ ಮುಗಿಸಿಯೇ ಅರ್ಜಿ ಹಾಕುವುದು ಒಳ್ಳೆಯದು. ವಯೋಮಿತಿ ಸರಣಿಯಿಂದ ಸರಣಿಗೆ ಬೇರೆ, ಆದ್ದರಿಂದ ಆ ವರ್ಷದ ನಿಯಮಾವಳಿಯನ್ನೇ ಓದಿ.

ಅಭ್ಯಾಸಕ್ಕೆ ನೈಸ್ ರಸ್ತೆಯನ್ನೋ ನಂದಿಬೆಟ್ಟದ ತಿರುವುಗಳನ್ನೋ ಬಳಸಬೇಡಿ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಬಾರಿಗೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನಿನ ಮಾತು ಹಾಗಿರಲಿ, ಎದುರಿಂದ ಲಾರಿ ಬರಬಹುದಾದ ಕಡೆ ಯಾರೂ ಮಿತಿಯವರೆಗೆ ಓಡಿಸಲಾರರು. ಮಿತಿ ಮುಟ್ಟದೆ ಕಲಿಕೆಯೂ ಇಲ್ಲ.

ಮಣ್ಣಿನಲ್ಲಿ ಓಡಿಸುವುದು ಮಾತ್ರ ನಿಜಕ್ಕೂ ಉಪಯೋಗ. ಹಿಂದಿನ ಚಕ್ರ ಜಾರಿದಾಗ ಕೈ ಗಡುಸಾಗದಂತೆ ಇರುವುದನ್ನು ಅದು ಕಡಿಮೆ ವೇಗದಲ್ಲೇ ಕಲಿಸುತ್ತದೆ. 2015ರಲ್ಲಿ ಮರಳು, ಮಣ್ಣಿನ ದಾರಿಯಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಮತ್ತು 2019ರಲ್ಲಿ ಅದೇ ರ‍್ಯಾಲಿಯನ್ನು 37ನೇ ಸ್ಥಾನದಲ್ಲಿ ಮುಗಿಸಿದ ಉಡುಪಿಯ ಕೆ.ಪಿ. ಅರವಿಂದ್ ಇಬ್ಬರೂ ಮಣ್ಣಿನಲ್ಲಿ ಪಳಗಿದವರು. ಸಂತೋಷ್ ಕೋಲಾರ ಕಡೆ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್‌ನಂಥ ಜಾಗದಲ್ಲಿ ಕೆಲವು ದಿನ ಕಳೆದರೆ ಸರ್ಕ್ಯೂಟಿನಲ್ಲೂ ವ್ಯತ್ಯಾಸ ಕಾಣುತ್ತದೆ.

ಮೈಮೇಲಿನ ಸಾಮಗ್ರಿ

ಒಂದೇ ತುಂಡಿನ ಲೆದರ್ ಸೂಟ್. ದನದ ಚರ್ಮವಾದರೆ 1.2ರಿಂದ 1.4 ಮಿ.ಮೀ. ದಪ್ಪ ಇರಲಿ, ಭುಜ, ಮೊಣಕೈ, ಪೃಷ್ಠದ ಹೊಲಿಗೆ ಎರಡು ಮೂರು ಸಾಲಿನದಾಗಿರಲಿ. ಬಿದ್ದಾಗ ಅಗ್ಗದ ಸೂಟಿನಲ್ಲಿ ಮೊದಲು ಬಿಡುವುದು ಚರ್ಮವಲ್ಲ, ಹೊಲಿಗೆ. ಬೆನ್ನಿನ ರಕ್ಷಕಕ್ಕೆ ಯುರೋಪಿನ ಸುರಕ್ಷತಾ ಮಾನದಂಡವಾದ ಇಎನ್ 1621-2 ಲೆವೆಲ್ 2 ಗುರುತು ನೋಡಿ, ಎದೆಗೆ ಬೇರೆಯದೇ ರಕ್ಷಕ ಹಾಕಿ. ಹೆಲ್ಮೆಟ್ ಹಾಕಿಕೊಂಡು ಬೆಲ್ಟ್ ಬಿಗಿದು, ಹಿಂಬದಿಯಿಂದ ಮೇಲಕ್ಕೆತ್ತಿ ಉರುಳಿಸಲು ನೋಡಿ. ಕಳಚಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಒಮ್ಮೆ ನೆಲಕ್ಕೆ ಹೊಡೆದ ಹೆಲ್ಮೆಟನ್ನು, ಮೇಲೆ ಗೀರು ಕಾಣದಿದ್ದರೂ, ಮತ್ತೆ ಬಳಸಬೇಡಿ. ಒಳಗಿನ ಥರ್ಮೋಕೋಲ್ ಪದರ ಒಮ್ಮೆ ಅದುಮಿದರೆ ಮತ್ತೆ ಉಬ್ಬುವುದಿಲ್ಲ.

ಸ್ವಂತ ಬೈಕಾದರೆ

ಕನ್ನಡಿ, ಸ್ಟ್ಯಾಂಡ್, ನಂಬರ್ ಪ್ಲೇಟ್, ಇಂಡಿಕೇಟರ್ ಬಿಚ್ಚಿ. ತೆಗೆಯಲಾಗದ ಗಾಜಿಗೆಲ್ಲ ಟೇಪ್ ಸುತ್ತಿ. ಬ್ರೇಕ್, ಕ್ಲಚ್ ಲಿವರ್‌ಗಳ ತುದಿಯಲ್ಲಿ ಕನಿಷ್ಠ 16 ಮಿ.ಮೀ. ವ್ಯಾಸದ ಗುಂಡು ಇರಬೇಕು. ಮುಂದಿನ ಬ್ರೇಕ್ ಲಿವರ್‌ಗೆ ಗಾರ್ಡ್ ಹಾಕಿ. ಪಕ್ಕದ ಬೈಕಿನ ಹ್ಯಾಂಡಲ್ ತಗುಲಿ ನಿಮ್ಮ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಲಾಕ್ ಆಗಿ ಬೈಕು ಮಗುಚುತ್ತದೆ.

ಲಾಕ್ ವೈರ್ ಕೆಲಸಕ್ಕೆ, ಅಂದರೆ ಬೋಲ್ಟ್‌ಗಳು ಸಡಿಲಾಗದಂತೆ ತಂತಿ ಕಟ್ಟುವುದಕ್ಕೆ, ಒಂದು ಇಡೀ ದಿನ ಇಟ್ಟುಕೊಳ್ಳಿ. ಆಯಿಲ್ ಡ್ರೈನ್ ಬೋಲ್ಟ್, ಆಯಿಲ್ ಫಿಲ್ಲರ್ ಮುಚ್ಚಳ, ಬ್ರೇಕ್ ಕ್ಯಾಲಿಪರ್ ಬೋಲ್ಟ್‌ಗಳ ತಲೆಗೆ 1.5 ಮಿ.ಮೀ. ತೂತು ಕೊರೆದು, ಸುಮಾರು 0.8 ಮಿ.ಮೀ. ಸ್ಟೀಲ್ ತಂತಿಯನ್ನು ಹೆಣೆದು ಬಿಗಿಯಬೇಕು. ಸ್ಪಿನ್-ಆನ್ (ತಿರುಗಿಸಿ ಕೂರಿಸುವ) ಆಯಿಲ್ ಫಿಲ್ಟರ್ ಇದ್ದರೆ ಅದರ ಸುತ್ತ ಹೋಸ್ ಕ್ಲಿಪ್ ಹಾಕಿ ಆ ಕ್ಲಿಪ್ಪಿಗೆ ತಂತಿ ಕಟ್ಟಿ. ತಂತಿ ಎಳೆಯುವ ದಿಕ್ಕು ಬೋಲ್ಟ್ ಬಿಗಿಯಾಗುವ ದಿಕ್ಕೇ ಆಗಿರಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ: ಉಲ್ಟಾ ಕಟ್ಟಿದ ತಂತಿ ಸಡಿಲಾಗುವ ಬೋಲ್ಟನ್ನು ತಡೆಯುವುದೇ ಇಲ್ಲ.

ಲಿಕ್ವಿಡ್ ಕೂಲಿಂಗ್ ಇದ್ದರೆ ಕೂಲಂಟ್ ಪೂರ್ತಿ ಸುರಿದು ಬರೀ ನೀರು ತುಂಬಿಸಿ. ಕೂಲಂಟಿನಲ್ಲಿರುವ ಗ್ಲೈಕಾಲ್ ಟ್ರ್ಯಾಕ್ ಮೇಲೆ ಚೆಲ್ಲಿದರೆ ಎಣ್ಣೆಯಂತೆ ಜಾರುತ್ತದೆ, ಬೇಗ ಒಣಗುವುದೂ ಇಲ್ಲ. ಫೇರಿಂಗ್‌ನ (ಬೈಕಿನ ಹೊರಮೈ ಹೊದಿಕೆಯ) ಕೆಳಭಾಗ ತಟ್ಟೆಯಂತಿದ್ದು, ಎಂಜಿನ್ನಿನ ಆಯಿಲ್ ಮತ್ತು ನೀರಿನ ಕನಿಷ್ಠ ಅರ್ಧದಷ್ಟನ್ನು ಹಿಡಿಯುವಂತಿರಬೇಕು. ನಿಮ್ಮ ಎಂಜಿನ್ ಸೋರಿದರೆ ಬೀಳುವವರು ಹಿಂದೆ ಬರುತ್ತಿರುವ ಹತ್ತು ಮಂದಿ. ಸ್ಕ್ರೂಟಿನಿಯಲ್ಲಿ (ರೇಸಿಗೆ ಮೊದಲು ನಡೆಯುವ ಬೈಕ್ ತಪಾಸಣೆಯಲ್ಲಿ) ಇದಕ್ಕೆ ರಿಯಾಯಿತಿ ಕೇಳಬೇಡಿ.

ಬ್ರೇಕ್ ಆಯಿಲನ್ನು ಪ್ರತಿ ರೇಸಿಗೂ ಬದಲಿಸಿ. ಡಾಟ್ 4 ಆಯಿಲಿನ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ತೇವ ಹೀರಿಕೊಂಡ ಮೇಲೆ 155ರವರೆಗೂ ಇಳಿಯಬಹುದು. ನಾಲ್ಕನೇ ಲ್ಯಾಪಿನಲ್ಲಿ ಲಿವರ್ ಹ್ಯಾಂಡಲ್‌ವರೆಗೆ ಬಂತೆಂದರೆ ಬಹುಪಾಲು ಕಾರಣ ಪ್ಯಾಡ್ ಅಲ್ಲ, ಕುದ್ದ ಆಯಿಲ್.

ಗೇರಿಂಗ್ ಲೆಕ್ಕ ಸರಳ. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ (ಸ್ಪ್ರಾಕೆಟ್) ಮುಂದೆ 14, ಹಿಂದೆ 45 ಹಲ್ಲಿದ್ದರೆ ಅನುಪಾತ 3.21. ಮುಂದಿನದನ್ನು 13 ಮಾಡಿದರೆ 3.46, ಹಿಂದಿನದನ್ನು 48 ಮಾಡಿದರೆ 3.43. ಅಂದರೆ ಮುಂದೆ ಒಂದು ಹಲ್ಲು ಇಳಿಸುವುದೂ ಹಿಂದೆ ಮೂರು ಏರಿಸುವುದೂ ಹೆಚ್ಚುಕಡಿಮೆ ಒಂದೇ. ಟ್ರ್ಯಾಕಿನ ಅತಿ ಉದ್ದದ ಸ್ಟ್ರೈಟ್ ಕೊನೆಯಲ್ಲಿ, ಬ್ರೇಕ್ ಹಿಡಿಯುವ ಸ್ವಲ್ಪ ಮೊದಲು, ಟಾಪ್ ಗೇರಿನಲ್ಲಿ ಎಂಜಿನ್ ಗರಿಷ್ಠ ಆರ್‌ಪಿಎಂ ಮುಟ್ಟಬೇಕು. ಮೊದಲೇ ಮುಟ್ಟಿದರೆ ಗೇರಿಂಗ್ ಗಿಡ್ಡವಾಯಿತು, ಮುಟ್ಟದೇ ಹೋದರೆ ಉದ್ದವಾಯಿತು. ಸಸ್ಪೆನ್ಷನ್‌ನಲ್ಲಿ ಮೊದಲು ಸ್ಯಾಗ್ ಸರಿಮಾಡಿ: ಸೂಟ್ ಸಮೇತ ನೀವು ಕೂತಾಗ ಮುಂದೆ, ಹಿಂದೆ ಸುಮಾರು 30 ಮಿ.ಮೀ. ಇಳಿಯಲಿ. ಅದು ಸರಿಹೊಂದುವ ಮೊದಲು ಡ್ಯಾಂಪಿಂಗ್ ಸ್ಕ್ರೂ (ಸ್ಪ್ರಿಂಗ್ ಕುಣಿಯುವ ವೇಗ ಹಿಡಿಯುವ ಸ್ಕ್ರೂ) ಮುಟ್ಟಬೇಡಿ.

ಟೈರಿನ ಗಾಳಿಯನ್ನು ಪಿಟ್‌ಗೆ (ಟ್ರ್ಯಾಕ್ ಪಕ್ಕ ಬೈಕ್ ರಿಪೇರಿ ಮಾಡುವ ಜಾಗಕ್ಕೆ) ಬಂದ ಕೂಡಲೇ, ಬಿಸಿಯಿರುವಾಗಲೇ ಅಳೆದು ಬರೆದಿಡಿ. ಗಾಳಿ ತೀರಾ ಕಡಿಮೆಯಾದರೆ ಟೈರಿನ ಮೈ ಹೆಚ್ಚು ಬಳುಕಿ ಅತಿಯಾಗಿ ಕಾಯುತ್ತದೆ. ಹೆಚ್ಚಾದರೆ ನೆಲ ಹಿಡಿಯುವ ಜಾಗ ಕುಗ್ಗುತ್ತದೆ. ಒಂದು ಸೆಷನ್‌ಗೆ ಒಂದೇ ಬದಲಾವಣೆ. ಗಾಳಿ, ಗೇರಿಂಗ್, ಸಸ್ಪೆನ್ಷನ್ ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಲ್ಯಾಪ್ ಟೈಮ್ ಯಾಕೆ ಇಳಿಯಿತು, ಯಾಕೆ ಏರಿತು ಎನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.

ರೇಸಿನ ದಿನಗಳು

ಬಾವುಟಗಳನ್ನು ಯೋಚಿಸದೆಯೇ ಗುರುತಿಸುವಂತಾಗಬೇಕು. ಹಳದಿ: ಅಪಾಯ, ಓವರ್‌ಟೇಕ್ ಇಲ್ಲ. ಹಳದಿ ಮೇಲೆ ಕೆಂಪು ಪಟ್ಟಿ: ಜಾರುವ ನೆಲ. ಕೆಂಪು: ಸೆಷನ್ ನಿಂತಿದೆ, ನಿಧಾನವಾಗಿ ಪಿಟ್‌ಗೆ. ಕಪ್ಪಿನ ಮೇಲೆ ಕಿತ್ತಳೆ ಬೊಟ್ಟು ಮತ್ತು ನಿಮ್ಮ ನಂಬರ್: ನಿಮ್ಮ ಬೈಕಿನಲ್ಲಿ ದೋಷವಿದೆ, ತಕ್ಷಣ ಟ್ರ್ಯಾಕ್ ಬಿಡಿ.

ಮೊದಲ ಪ್ರಾಕ್ಟೀಸ್‌ನ ಮೂರು ಲ್ಯಾಪ್ ನಿಧಾನಕ್ಕೆ ಹೋಗಿ ಪ್ರತಿ ತಿರುವಿಗೂ ಬ್ರೇಕ್ ಹಿಡಿಯುವ ಗುರುತು ಹುಡುಕಿ. ಗುರುತು ಬೋರ್ಡು, ಡಾಂಬರಿನ ತೇಪೆ, ಕರ್ಬಿನ (ಟ್ರ್ಯಾಕ್ ಅಂಚಿನ ಬಣ್ಣದ ಕಟ್ಟೆಯ) ತುದಿಯಂಥ ಕದಲದ ವಸ್ತುವಾಗಿರಲಿ. ಬೆಳಿಗ್ಗೆಯ ನೆರಳನ್ನು ಗುರುತಾಗಿಟ್ಟುಕೊಂಡವರು ಮಧ್ಯಾಹ್ನದ ರೇಸಿನಲ್ಲಿ ತಿರುವು ದಾಟಿ ಜಲ್ಲಿಗೆ ಹೋಗುತ್ತಾರೆ.

ಫಿನಿಷ್ ಮಾಡುವುದಕ್ಕೆ ಎಷ್ಟು ಬೆಲೆಯಿದೆಯೆಂದು ಅಂಕಗಳೇ ಹೇಳುತ್ತವೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಗೆಲುವಿಗೆ 25, ಎರಡನೆಯದಕ್ಕೆ 20, ಮೂರಕ್ಕೆ 16, ನಾಲ್ಕಕ್ಕೆ 13. ಐದು ರೇಸಿನಲ್ಲೂ ನಾಲ್ಕನೆಯವರಾದರೆ 65 ಅಂಕ. ಎರಡು ಗೆದ್ದು ಮೂರರಲ್ಲಿ ಬಿದ್ದರೆ 50.

ಚೆನ್ನೈ ಸೆಖೆಯಲ್ಲಿ ಲೆದರ್ ಹಾಕಿಕೊಂಡರೆ ನೀರು ಹರಿದುಹೋಗುತ್ತದೆ. ರೇಸಿಗೆ ಅರ್ಧ ಗಂಟೆ ಮೊದಲು ಲೀಟರ್‌ಗಟ್ಟಲೆ ಕುಡಿಯುವುದರಿಂದ ಪ್ರಯೋಜನವಿಲ್ಲ. ಹಿಂದಿನ ದಿನದಿಂದಲೇ ಓಆರ್‌ಎಸ್ ಬೆರೆಸಿದ ನೀರು ಸ್ವಲ್ಪ ಸ್ವಲ್ಪವಾಗಿ ಒಳಗೆ ಹೋಗುತ್ತಿರಲಿ. ಮುಂಗೈ ಕಲ್ಲಿನಂತಾಗಿ ಬ್ರೇಕ್ ಹಿಡಿಯಲಾಗದಿದ್ದರೆ ಜಿಮ್ಮಿನಲ್ಲಿ ಮುಂಗೈ ಬೆಳೆಸುವುದಕ್ಕಿಂತ ಮೊದಲು ಕೂರುವ ಭಂಗಿ ತಿದ್ದಿ. ಬ್ರೇಕ್ ಹಿಡಿದಾಗ ಮೈಭಾರವನ್ನು ಟ್ಯಾಂಕಿಗೆ ಒತ್ತಿದ ತೊಡೆಗಳು ತಡೆಯಬೇಕು, ಕೈಗಳಲ್ಲ. ತಲೆಗೆ ಪೆಟ್ಟು ಬಿದ್ದು ಮಂಪರು, ವಾಂತಿ, ಮರೆವು ಕಂಡರೆ ಆ ವಾರಾಂತ್ಯ ಅಲ್ಲಿಗೇ ಮುಗಿಯಿತು; ವೈದ್ಯರು ಒಪ್ಪುವ ತನಕ ಬೈಕ್ ಹತ್ತಬೇಡಿ.

ದುಡ್ಡು, ಒಪ್ಪಂದ, ಮುಂದಿನ ಮೆಟ್ಟಿಲು

ಸೀಸನ್ನಿನ ಬಜೆಟ್ಟಿನಲ್ಲಿ ಮೂರರಲ್ಲೊಂದು ಪಾಲು ಬೀಳುವುದಕ್ಕೆಂದೇ ಎತ್ತಿಡಿ: ಲಿವರ್, ಫುಟ್‌ಪೆಗ್ (ಕಾಲಿಡುವ ಕಡ್ಡಿ), ಕ್ಲಿಪ್‌-ಆನ್ (ರೇಸ್ ಹ್ಯಾಂಡಲ್), ಫೇರಿಂಗ್. ಸಾಮಾನ್ಯ ಬೈಕ್ ವಿಮೆಯಲ್ಲಿ ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ. ವೈಯಕ್ತಿಕ ಅಪಘಾತ ವಿಮೆಯಲ್ಲೂ ಇಂಥದೇ ಷರತ್ತು ಇರುವುದುಂಟು. ಮೋಟಾರ್‌ಸ್ಪೋರ್ಟ್ ಒಳಗೊಂಡಿದೆ ಎಂಬುದನ್ನು ಬರಹದಲ್ಲೇ ಪಡೆಯಿರಿ.

ರಾಷ್ಟ್ರೀಯ ಸರಣಿಯಲ್ಲಿ ಸ್ಥಿರವಾಗಿ ಮುಂದಿರುವವರಿಗೆ ಏಷ್ಯಾ ರೋಡ್ ರೇಸಿಂಗ್ ಚಾಂಪಿಯನ್‌ಶಿಪ್‌ನ ಎಪಿ250 (250 ಸಿಸಿ ಬೈಕುಗಳ) ವಿಭಾಗ ಮತ್ತು ಟಿವಿಎಸ್ ಏಷ್ಯಾ ಒನ್ ಮೇಕ್ ಸರಣಿ ಮುಂದಿನ ಮೆಟ್ಟಿಲು. ಹದಿಹರೆಯದವರಿಗೆ ಹಿಂದೆ ಏಷ್ಯಾ ಟ್ಯಾಲೆಂಟ್ ಕಪ್ ಎನ್ನುತ್ತಿದ್ದ ಮೋಟೋ4 ಏಷ್ಯಾ ಕಪ್ ಇದೆ. ವಿಶ್ವ ಚಾಂಪಿಯನ್‌ಶಿಪ್‌ನ ಆರಂಭಿಕ ವಿಭಾಗವಾದ ಮೋಟೋ3ಗೆ ಹೋಗುವ ದಾರಿ ಅಲ್ಲಿಂದ. ಸರ್ಕ್ಯೂಟ್ ಒಗ್ಗದವರು ರ‍್ಯಾಲಿಯನ್ನು ಎರಡನೇ ದರ್ಜೆಯ ದಾರಿ ಎಂದುಕೊಳ್ಳಬೇಕಿಲ್ಲ: ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂನ (ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ) ಬಾಹಾ, ಅಂದರೆ ಮಣ್ಣು-ಮರಳಿನ ಚಿಕ್ಕ ರೇಸುಗಳ, ವಿಶ್ವಕಪ್‌ನ ಮಹಿಳಾ ಪಟ್ಟ ಗೆದ್ದದ್ದು ಆ ದಾರಿಯಲ್ಲೇ.

ತಂಡದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಾಲ್ಕು ಸಂಗತಿ ಹುಡುಕಿ: ಬಿದ್ದ ಬೈಕಿನ ಖರ್ಚು ಯಾರದು, ಗಾಯಗೊಂಡು ಕೂತ ತಿಂಗಳುಗಳಿಗೆ ಸಂಬಳ ಉಂಟೇ, ಸ್ವಂತ ಪ್ರಾಯೋಜಕರ ಹೆಸರನ್ನು ಸೂಟಿನ ಯಾವ ಭಾಗದಲ್ಲಿ ಹಾಕಬಹುದು, ವಿದೇಶದಲ್ಲಿ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆಗೂ ಊರಿಗೆ ಕರೆತರುವುದಕ್ಕೂ ದುಡ್ಡು ಕೊಡುವವರು ಯಾರು. ಕೊನೆಯದಕ್ಕೆ ಬಾಯಿಮಾತಿನ ಭರವಸೆ ಮಾತ್ರ ಸಿಕ್ಕರೆ ಸಹಿ ಹಾಕಬೇಡಿ.